ಗೋಡೆಯ ಬುಡದಲ್ಲಿ ಈ ಗಿಡ ನೆಟ್ಟರೆ ಹಾವು ಬರುವುದಿಲ್ಲವೇ?

ಮಳೆಗಾಲ ಶುರುವಾದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ. ಸರ್ಪಗಂಧ, ಈಶ್ವರಿ ಬಳ್ಳಿ, ಚೆಂಡುಹೂ, ನಿಂಬೆಹುಲ್ಲು, ಸ್ನೇಕ್ ಪ್ಲಾಂಟ್. ಇವನ್ನು ಮನೆಯ ಗೋಡೆಯ ಸುತ್ತ ನೆಟ್ಟರೆ ವಾಸನೆಗೆ ಹಾವು ಹತ್ತಿರ ಸುಳಿಯುವುದಿಲ್ಲವಂತೆ. ನಿಮಗೂ ಬಂದಿರಬಹುದು.

ಇದು ನಿಜವಲ್ಲ. ಅಂಗಳದಲ್ಲಿ ಬೆಳೆದ ಯಾವ ಗಿಡವೂ ಹಾವನ್ನು ದೂರವಿಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಹಾವು ನಾಲಗೆ ಚಾಚಿ ವಾಸನೆ ಹಿಡಿಯುತ್ತದೆ, ಸರಿ. ಆದರೆ ವಾಸನೆ ಗೊತ್ತಾಗುವುದು ಬೇರೆ, ಅದಕ್ಕೆ ಹೆದರಿ ಓಡುವುದು ಬೇರೆ. ಸರ್ಪಗಂಧದ ಬೇರಿನಲ್ಲಿರುವ ರಿಸರ್ಪಿನ್ ರಕ್ತದೊತ್ತಡ ಇಳಿಸುವ ಔಷಧ. ಸ್ನೇಕ್ ಪ್ಲಾಂಟ್‌ಗೆ ಹಾವಿನ ಹೆಸರು ಬಂದಿದ್ದು ಎಲೆಯ ಪಟ್ಟೆಗಳಿಂದ, ಅಷ್ಟೇ.

ಈ ಸಲಹೆ ಪಾಲಿಸಿದರೆ ಆಗುವುದು ಉಲ್ಟಾ. ಹಾವು ಮನೆಯ ಹತ್ತಿರ ಬರುವುದು ಇಲಿ, ಕಪ್ಪೆ ಹುಡುಕಿಕೊಂಡು, ತಂಪಾದ ಮರೆ ಹುಡುಕಿಕೊಂಡು. ಗೋಡೆಗೆ ಒತ್ತಿಕೊಂಡು ಬೆಳೆದ ನಿಂಬೆಹುಲ್ಲಿನ ಪೊದೆ ಇವೆಲ್ಲಕ್ಕೂ ಒಳ್ಳೆಯ ಜಾಗ! ಕೊಳಕುಮಂಡಲ ಅದರೊಳಗೆ ಸುರುಳಿ ಸುತ್ತಿ ಮಲಗಿದ್ದರೆ ಹಗಲಲ್ಲೂ ಕಾಣುವುದಿಲ್ಲ.

ಹಾಗಂತ ಗಿಡಗಳನ್ನೆಲ್ಲ ಕಿತ್ತುಹಾಕಬೇಕಿಲ್ಲ. ಗೋಡೆಯಿಂದ ಎರಡು ಮೂರು ಅಡಿ ನೆಲವನ್ನು ಖಾಲಿ ಬಿಡಿ. ಅದರಾಚೆ ದಾಸವಾಳ, ಕರಿಬೇವು, ನಂದಿಬಟ್ಟಲಿನಂಥವನ್ನು ನೆಟ್ಟು, ಬುಡದ ಕೊಂಬೆ ಸವರಿ, ಕೆಳಗಿನ ನೆಲ ಕಾಣುವಂತೆ ಇಟ್ಟುಕೊಳ್ಳಿ. ಮಲ್ಲಿಗೆ ಬಳ್ಳಿಯನ್ನು ಕಿಟಕಿಗೆ ಹಬ್ಬಿಸಬೇಡಿ. ಸೌದೆ, ಹೆಂಚು, ಇಟ್ಟಿಗೆ ರಾಶಿ ಗೋಡೆಗೆ ಒರಗಿಕೊಂಡಿದ್ದರೆ ಯಾವ ಗಿಡ ನೆಟ್ಟರೂ ಪ್ರಯೋಜನವಿಲ್ಲ. ಬಚ್ಚಲ ನೀರು ಹೊರಹೋಗುವ ತೂತಿಗೆ ಜಾಲರಿ ಹಾಕಿಸಿ.

ಕೆಲವು ಫಾರ್ವರ್ಡ್‌ಗಳ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಹಾವು ಕಚ್ಚಿದರೆ ಈಶ್ವರಿ ಬಳ್ಳಿಯ ಎಲೆ ಅಗಿಯಿರಿ ಎಂದು. ಇದು ಪ್ರಾಣಕ್ಕೇ ಅಪಾಯ. ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲೆ ಹುಡುಕುತ್ತ ಕಳೆಯುವ ಸಮಯದಲ್ಲಿ ವಿಷ ಮೈಗೇರುತ್ತಿರುತ್ತದೆ. ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸುಮಾರು 58,000 ಜನ ಸಾಯುತ್ತಾರೆಂಬ ಅಂದಾಜಿದೆ. ಕರ್ನಾಟಕದಲ್ಲಿ 2024ರಿಂದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಔಷಧ ಒಂದೇ, ಆಸ್ಪತ್ರೆಯಲ್ಲಿ ಕೊಡುವ ಆ್ಯಂಟಿವೆನಮ್ ಚುಚ್ಚುಮದ್ದು. ಕಚ್ಚಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ.