ಹಣೆಪಟ್ಟಿಗೂ ಒಂದು ಗಡುವು ಬೇಡವೇ?

ಮುಂಡಗೋಡ ತಾಲ್ಲೂಕು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಜಾಗ. ಭತ್ತ, ಗೋವಿನಜೋಳದ ಬೆಳೆ ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಕಣ್ಣು ಒಂದು ರೀತಿ ಹೇಳಿದರೆ ಸರ್ಕಾರದ ಕಡತ ಇನ್ನೊಂದು ರೀತಿ ಹೇಳುವುದುಂಟು. ಉತ್ತರ ಕನ್ನಡದ ಸುಮಾರು ಶೇ 80ರಷ್ಟು ಭೂಭಾಗ ಅರಣ್ಯವೆಂದು ದಾಖಲಾಗಿರುವಾಗ ಈ ಅಂತರ ಸಣ್ಣದಲ್ಲ. ಒಂದು ಜಮೀನಿಗೆ ‘ಇದು ಇಂಥ ಉದ್ದೇಶಕ್ಕೆ’ ಎಂಬ ಹಣೆಪಟ್ಟಿ ಅಂಟಿಸಿದ ಸರ್ಕಾರ, ಮುಂದಿನ ಕೆಲಸ ಮಾಡದೆ ಅದನ್ನು ಎಷ್ಟು ವರ್ಷ ಹಾಗೆಯೇ ಬಿಡಬಹುದು?

ಪಟ್ಟಣಗಳ ಮಟ್ಟಿಗೆ ನಮ್ಮ ಕಾನೂನು ಉತ್ತರ ಕೊಟ್ಟಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಮಹಾಯೋಜನೆಯಲ್ಲಿ ಉದ್ಯಾನಕ್ಕೋ ರಸ್ತೆಗೋ ಗುರುತಿಸಿದ ಜಾಗವನ್ನು ಐದು ವರ್ಷಗಳೊಳಗೆ ಒಪ್ಪಂದದ ಮೂಲಕ ಪಡೆಯಬೇಕು ಅಥವಾ ಸ್ವಾಧೀನ ಪ್ರಕ್ರಿಯೆ ಆರಂಭಿಸಬೇಕು. ಇಲ್ಲವಾದರೆ ಆ ಗುರುತು ತಾನಾಗಿಯೇ ರದ್ದಾಗುತ್ತದೆ. ಮಹಾರಾಷ್ಟ್ರದಲ್ಲಿ ಈ ಅವಧಿ ಹತ್ತು ವರ್ಷ. ಅನಂತರ ಮಾಲೀಕ ನೋಟಿಸು ಕೊಡಬೇಕು. ಅಲ್ಲಿನ ಒಂದು ಜಮೀನು 33 ವರ್ಷ ಕಾಯ್ದಿರಿಸಿದ ಸ್ಥಿತಿಯಲ್ಲೇ ಉಳಿದದ್ದನ್ನು ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ಆಕ್ಷೇಪಿಸಿತು. ಪರಿಹಾರವನ್ನೂ ಕೊಡದೆ, ಕಟ್ಟಲೂ ಬಿಡದೆ ಒಬ್ಬರ ಆಸ್ತಿಯನ್ನು ನಕ್ಷೆಯ ಬಣ್ಣದಲ್ಲಿ ಸೆರೆಹಿಡಿಯುವುದು ನ್ಯಾಯವಲ್ಲ.

ಗಡುವಿಗೆ ಇನ್ನೊಂದು ಮುಖವೂ ಇದೆ. ಭೂಮಿ ಕೊಳ್ಳಲು ಸ್ಥಳೀಯ ಸಂಸ್ಥೆಯ ಬಳಿ ಹಣವಿರುವುದಿಲ್ಲ. ಐದು ವರ್ಷ ಸದ್ದಿಲ್ಲದೆ ಕಳೆಯುತ್ತದೆ. ಉದ್ಯಾನವಾಗಬೇಕಿದ್ದಲ್ಲಿ ನಿವೇಶನಗಳ ಕಲ್ಲು ಏಳುತ್ತವೆ. ಕೆಲವೊಮ್ಮೆ ಇದು ಮರೆವೋ ಜಾಣಮರೆವೋ ಎಂಬ ಅನುಮಾನವೂ ಬರುತ್ತದೆ. ಅಧಿಕಾರಿಯ ವಿಳಂಬಕ್ಕೆ ದಂಡ ತೆರುವವರು ಊರಿನ ಮಕ್ಕಳು.

ಇಷ್ಟಾದರೂ ಅಲ್ಲಿ ಗಡಿಯಾರವೊಂದಿದೆ. ಮಲೆನಾಡಿನ ಸೆರಗಿನಲ್ಲಿ ಅದೂ ಇಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಅಡಿ ಸರ್ಕಾರ ಒಂದು ಪ್ರದೇಶವನ್ನು ಮೀಸಲು ಅರಣ್ಯ ಮಾಡುವ ಇಂಗಿತವನ್ನಷ್ಟೇ ಪ್ರಕಟಿಸುತ್ತದೆ. ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕುಗಳನ್ನು ವಿಚಾರಿಸಿ ಇತ್ಯರ್ಥಪಡಿಸಿದ ಮೇಲೆ 17ನೇ ಸೆಕ್ಷನ್‌ನ ಅಂತಿಮ ಘೋಷಣೆ ಬರಬೇಕು. ಮೊದಲ ಅಧಿಸೂಚನೆ ಹೊರಟ ದಿನದಿಂದಲೇ ಹೊಸ ಹಕ್ಕು, ಹೊಸ ಸಾಗುವಳಿಗೆ ತಡೆ ಬೀಳುತ್ತದೆ. ಹಕ್ಕು ಹೇಳಿಕೊಳ್ಳಲು ರೈತನಿಗೆ ಗಡುವಿದೆ. ವಿಚಾರಣೆ ಮುಗಿಸಲು ಸರ್ಕಾರಕ್ಕೆ ಯಾವ ಗಡುವೂ ಇಲ್ಲ. ರಾಜ್ಯದ ಮಲೆನಾಡು ಜಿಲ್ಲೆಗಳಲ್ಲಿ ದಶಕಗಳಿಂದ 4ನೇ ಸೆಕ್ಷನ್ ಹಂತದಲ್ಲೇ ನಿಂತ ಜಮೀನುಗಳಿರುವುದು ಇದರಿಂದಲೇ.

ಗಡುವುಗಳೆಲ್ಲ ಉಳುವವನ ಪಾಲಿಗೇ ಏಕೆ? ಒತ್ತುವರಿ ಸಕ್ರಮಕ್ಕೆ 1978ರ ಏಪ್ರಿಲ್ 27ರ ಗಡಿ. 2006ರ ಅರಣ್ಯ ಹಕ್ಕು ಕಾಯ್ದೆಗೆ 2005ರ ಡಿಸೆಂಬರ್ 13ರ ಗಡಿ. ಬುಡಕಟ್ಟಿನವರಲ್ಲದಿದ್ದರೆ ಅದಕ್ಕೂ ಮೊದಲು 75 ವರ್ಷ, ಅಂದರೆ ಮೂರು ತಲೆಮಾರು ವಾಸವಿದ್ದ ಪುರಾವೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳಿಗೆ ಈ ಪುರಾವೆ ಬೇಕಿಲ್ಲ. ಅದೇ ಮುಂಡಗೋಡ, ಯಲ್ಲಾಪುರದ ಕಾಡಂಚಿನಲ್ಲಿ ಎಮ್ಮೆ ಸಾಕಿ ಬದುಕುವ ಗೌಳಿಗಳಿಗೆ ಬೇಕು. ಎಮ್ಮೆ ಮೇಯಿಸುತ್ತ ದೊಡ್ಡಿಯಿಂದ ದೊಡ್ಡಿಗೆ ನಡೆದ ಅಜ್ಜ ಯಾವ ಕಾಗದ ಇಟ್ಟಿರುತ್ತಾನೆ?

ಹಾಗೆಂದು 69ನೇ ಸೆಕ್ಷನ್‌ನ ಸೂತ್ರವನ್ನು ಕಾಡಿಗೂ ಅನ್ವಯಿಸಿ, ಇಷ್ಟು ವರ್ಷ ಕಳೆದರೆ ಅಧಿಸೂಚನೆ ರದ್ದು ಎನ್ನುವಂತಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇದೆ. ದಾಖಲೆಯಲ್ಲಿ ಅರಣ್ಯವೆಂದಿರುವುದೆಲ್ಲಕ್ಕೂ ಆ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಹೇಳಿದೆ. ಕಾನೂನನ್ನು ಬದಿಗಿಟ್ಟರೂ, ತಾನಾಗಿ ರದ್ದಾಗುವ ಅಧಿಸೂಚನೆ ಬೇಕೆನ್ನುವವರಲ್ಲಿ ರೈತನಿಗಿಂತ ಭೂದಲ್ಲಾಳಿಗಳೇ ಮುಂದಿರುತ್ತಾರೆ. ಸುಮ್ಮನೆ ಕುಳಿತ ಕಚೇರಿಯೇ ಅವರ ಮಿತ್ರನಾಗುತ್ತದೆ.

ಗಡುವು ಬೇಕಿರುವುದು ವಿಚಾರಣೆಗೆ, ಕಾಡಿಗಲ್ಲ. ಹಲವೆಡೆ ಈ ಕೆಲಸ ಚುನಾವಣೆ, ನೆರೆ, ಶಾಂತಿ ಸಭೆಗಳ ನಡುವೆ ಓಡಾಡುವ ಉಪವಿಭಾಗಾಧಿಕಾರಿಯ ಹೆಗಲಿಗೆ ಹೆಚ್ಚುವರಿಯಾಗಿ ಬಿದ್ದಿರುತ್ತದೆ. ಅದಕ್ಕೆಂದೇ ಪ್ರತ್ಯೇಕ ಅಧಿಕಾರಿ, ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಮೋಜಣಿ, ಐದು ವರ್ಷದೊಳಗೆ ಸರ್ವೆ ನಂಬರಿಗೊಂದು ಲಿಖಿತ ಆದೇಶ: ಇಷ್ಟನ್ನು ಕಾಯ್ದೆಗೆ ಸೇರಿಸಬೇಕು. ಅವಧಿ ಮೀರಿದರೆ ಕಾರಣವನ್ನು ಸರ್ಕಾರ ವಿಧಾನಮಂಡಲದ ಮುಂದಿಡಲಿ. ಅಲ್ಲಿಯವರೆಗೆ, ಯಾವ ಗ್ರಾಮದ ಯಾವ ಸರ್ವೆ ನಂಬರು 4ನೇ ಸೆಕ್ಷನ್‌ನಲ್ಲಿ ಎಷ್ಟು ವರ್ಷಗಳಿಂದ ನಿಂತಿದೆ ಎಂಬ ಪಟ್ಟಿಯನ್ನಾದರೂ ಮುಂಡಗೋಡ, ಹಳಿಯಾಳ, ಜೋಯಿಡಾಗಳ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬಹುದು. ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.