ಚೆದುರಿದ ಶಕ್ತಿಗೆ ದೊರೆತ ಹೆಸರು

ಇಂಗ್ಲಿಷಿನ ‘ಡಿಸಿಪೇಶನ್’ ಲ್ಯಾಟಿನ್ ಮೂಲದ ಶಬ್ದ. ದಿಕ್ಕುದಿಕ್ಕಿಗೆ ಎಸೆಯುವುದೆಂಬುದೇ ಅದರ ಧಾತ್ವರ್ಥ. 1755ರಲ್ಲಿ ಹೊರಬಂದ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟು ಚೆದುರುವಿಕೆಯ ಜೊತೆಗೆ ಚಿತ್ತವಿಕ್ಷೇಪವೆಂಬ ಅರ್ಥವನ್ನೂ ಅದಕ್ಕೆ ಹೇಳುತ್ತದೆ. ಚಿತ್ತ ಚೆದುರಿದಲ್ಲಿ ವಿತ್ತವೂ ಚೆದುರುವುದು ಲೋಕಾನುಭವವಷ್ಟೆ. ಪಿತ್ರಾರ್ಜಿತವನ್ನು ಜೂಜಿನಲ್ಲಿಯೂ ಪಾನದಲ್ಲಿಯೂ ಕಳೆದು ಆಯುಷ್ಯವನ್ನೂ ಅದರೊಡನೆ ಸವೆಸಿಕೊಳ್ಳುವ ಭೋಗಲೋಲುಪತೆಗೆ ಆ ಶಬ್ದವೇ ಹೆಸರಾಯಿತು.

ಇಂಥ ಕಳಂಕವನ್ನು ಹೊತ್ತ ಪದವು ಭೌತಶಾಸ್ತ್ರದ ಒಂದು ಮಹಾತತ್ತ್ವಕ್ಕೆ ನಾಮಧೇಯವಾದ ಬಗೆ ಮನನಯೋಗ್ಯವಾದುದು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಖ್ಯಾತರಾದ ವಿಲಿಯಂ ಥಾಮ್ಸನ್ನರು 1846ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಉಷ್ಣವು ಬಿಸಿಯೆಡೆಯಿಂದ ತಂಪಿನೆಡೆಗೆ ಇಳಿಯುವಾಗಲೇ ಯಂತ್ರವು ದುಡಿಯುವುದೆಂದು ಫ್ರಾನ್ಸಿನ ಸಾದಿ ಕಾರ್ನೋ 1824ರಷ್ಟು ಹಿಂದೆಯೇ ತೋರಿಸಿದ್ದರು. ಮದ್ಯ ತಯಾರಿಸುವ ಮನೆತನದವರಾದ ಜೇಮ್ಸ್ ಜೂಲ್, ನೀರನ್ನು ಕಡೆದರೆ ಅದು ಎಷ್ಟು ಬಿಸಿಯಾಗುವುದೆಂದು ಅಳೆದು, ದುಡಿಮೆಯೇ ಉಷ್ಣವಾಗಿ ಪರಿಣಮಿಸುವುದೆಂದು ಸಾಧಿಸಿದ್ದರು. 1847ರಲ್ಲಿ ಆಕ್ಸ್‌ಫರ್ಡಿನ ಸಭೆಯೊಂದರಲ್ಲಿ ಜೂಲರ ಮಾತನ್ನು ಕೇಳಿದ ಥಾಮ್ಸನ್ನರ ಮನಸ್ಸು ತೊಡಕಿಗೆ ಸಿಲುಕಿತು: ಕಾದ ಕಬ್ಬಿಣದ ಸರಳಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಉಷ್ಣವು ಯಾವ ಯಂತ್ರವನ್ನೂ ತಿರುಗಿಸದೆ ಸುಮ್ಮನೆ ಹರಿದುಹೋದಲ್ಲಿ, ಅದರಿಂದ ದೊರೆಯಬಹುದಾಗಿದ್ದ ದುಡಿಮೆಯ ಗತಿಯೇನು?

1852ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಅವರು ಅದಕ್ಕೆ ಉತ್ತರವಿತ್ತರು. ಶಕ್ತಿಯನ್ನು ಸೃಜಿಸುವುದೂ ಲಯಗೊಳಿಸುವುದೂ ಸೃಷ್ಟಿಕರ್ತನೊಬ್ಬನಿಗೇ ಸಾಧ್ಯವಾದುದರಿಂದ ಈ ನಷ್ಟವು ವಿನಾಶವಾಗಿರಲಾರದು, ರೂಪಾಂತರವೇ ಆಗಿರಬೇಕು. ಆದರೆ ಹಾಗೆ ಹರಡಿಹೋದುದನ್ನು ಮಾನವನು ಪೂರ್ಣವಾಗಿ ಮರಳಿ ದುಡಿಮೆಗೆ ಹಚ್ಚಲಾರನು ಎಂಬುದು ಅವರ ಸಿದ್ಧಾಂತ. ಪ್ರಬಂಧದ ಶೀರ್ಷಿಕೆಯಲ್ಲಿಯೇ ‘ಡಿಸಿಪೇಶನ್’ ಇದ್ದಿತು. ಇದಕ್ಕಿಂತ ಸಮರ್ಪಕವಾದ ಪದ ಇಂಗ್ಲಿಷಿನಲ್ಲಿ ದೊರೆಯುತ್ತಿರಲಿಲ್ಲವೆಂದೇ ನನ್ನ ಭಾವನೆ. ದುಂದುಗಾರನ ಹೊನ್ನು ಲೋಕದಿಂದ ಮಾಯವಾಗುವುದಿಲ್ಲ. ನೂರು ಚೀಲಗಳಲ್ಲಿ ಹಂಚಿಹೋಗಿರುತ್ತದೆ, ಆತನ ಕೈಗೆ ಮಾತ್ರ ಎಟುಕದು.

ಈ ತತ್ತ್ವವನ್ನೇ ಹಿಡಿದು ನಡೆದ ಥಾಮ್ಸನ್ನರು, ಹಿಂದೊಂದು ಕಾಲದಲ್ಲಿ ಮಾನವವಾಸಕ್ಕೆ ಅಯೋಗ್ಯವಾಗಿದ್ದ ಭೂಮಿಯು ಮುಂದೊಂದು ಕಾಲಕ್ಕೆ ಪುನಃ ಹಾಗೆಯೇ ಆಗುವುದೆಂದು ಅದೇ ಪ್ರಬಂಧದ ಕೊನೆಯಲ್ಲಿ ಸಾರಿದರು. 1865ರಲ್ಲಿ ಜರ್ಮನಿಯ ಕ್ಲೌಸಿಯಸ್ ‘ಎಂಟ್ರೊಪಿ’ ಎಂಬ ನೂತನ ಪದವನ್ನು ನಿರ್ಮಿಸಿ, ಇದೇ ಪ್ರವೃತ್ತಿಗೆ ಗಣಿತದ ಅಳತೆಗೋಲನ್ನು ಒದಗಿಸಿದರು.

ಹಳೆಯ ಪದವಾದರೋ ಮೂಲೆಗೆ ಸೇರಲಿಲ್ಲ. ತೆಳುವಾದ ದ್ರವವನ್ನು ಕೆಳಗಿನಿಂದ ಒಂದೇ ಸಮನೆ ಕಾಯಿಸಿದಲ್ಲಿ ಅದರಲ್ಲಿ ಷಟ್ಕೋನಾಕಾರದ ಕೋಶಗಳು ತಾವಾಗಿಯೇ ಮೂಡುವುದನ್ನು ಫ್ರಾನ್ಸಿನ ಬೆನಾರ್ 1900ರ ಸುಮಾರಿಗೆ ಕಂಡಿದ್ದರು. ಕಾಯಿಸುವುದು ನಿಂತರೆ ಆ ವಿನ್ಯಾಸವೂ ಅಳಿಯುವುದು. ಶಕ್ತಿಯನ್ನು ನಿರಂತರವಾಗಿ ಚೆದುರಿಸುತ್ತಲೇ ತಮ್ಮ ರೂಪವನ್ನು ಉಳಿಸಿಕೊಳ್ಳುವ ಇಂಥ ರಚನೆಗಳಿಗೆ ಇಲ್ಯಾ ಪ್ರಿಗೊಜಿನ್ನರು ಥಾಮ್ಸನ್ನರ ಶಬ್ದವನ್ನೇ ವಿಶೇಷಣವಾಗಿಸಿದರು. ಆ ಅಧ್ಯಯನಕ್ಕಾಗಿ ಅವರಿಗೆ 1977ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಉಣ್ಣುವ, ಉಸಿರಾಡುವ, ಮೈಯ ಬಿಸಿಯನ್ನು ಅನುಕ್ಷಣವೂ ಹೊರಗೆ ಚೆಲ್ಲುವ ಜೀವದೇಹವೂ ಈ ಪಂಕ್ತಿಗೆ ಸೇರಿದುದೇ.