ಒಂಬತ್ತು ಪೆನ್ನಿಯ ಹಗಲು

1952ರಲ್ಲಿ ಚಾರ್ಲಿ ಚಾಪ್ಲಿನ್ ಹೆಂಡತಿ ಮಕ್ಕಳೊಂದಿಗೆ ನ್ಯೂಯಾರ್ಕಿನಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೊರಟ. ಹಡಗು ಇನ್ನೂ ಕಡಲ ಮೇಲಿರುವಾಗಲೇ ಅಮೆರಿಕ ಸರ್ಕಾರ ಅವನು ಮರಳಿ ಬರುವ ಬಾಗಿಲು ಮುಚ್ಚಿತು. ಕಮ್ಯುನಿಸ್ಟನೆಂಬ ಗುಮಾನಿ ಹಳೆಯದು. ಅದರ ಜೊತೆಗೆ ಇನ್ನೊಂದು ತಕರಾರು ಎದ್ದಿತು: ಈ ಮನುಷ್ಯ ಅಸಲಿಗೆ ಯಾರ ಮಗ, ಯಾವ ಊರಿನವನು? ನಿಜವಾದ ಹೆಸರು ಇಸ್ರೇಲ್ ಥಾರ್ನ್‌ಸ್ಟೈನ್ ಅಂತೆ, ಹುಟ್ಟಿದ್ದು ಫ್ರಾನ್ಸಿನಲ್ಲಂತೆ. ಈ ಅಂತೆಕಂತೆಗಳ ಗಂಟು ಕಟ್ಟಿಕೊಂಡು ಅಮೆರಿಕದವರು ಬ್ರಿಟನ್ನಿನ ಎಂಐ5 ಬೇಹುಗಾರರ ಮೊರೆಹೋದರು. ಬೇಹುಗಾರರು ಸಾಮರ್‌ಸೆಟ್ ಹೌಸಿನ ಜನನ ದಫ್ತರಗಳನ್ನು ಜಾಲಾಡಿದರು. ಥಾರ್ನ್‌ಸ್ಟೈನ್ ಸಿಗಲಿಲ್ಲ. ವಿಚಿತ್ರವೆಂದರೆ ಚಾಪ್ಲಿನ್ನೂ ಸಿಗಲಿಲ್ಲ. 1889ರ ಏಪ್ರಿಲ್ 16ರಂದು ದಕ್ಷಿಣ ಲಂಡನ್ನಿನ ವಾಲ್ವರ್ತ್‌ನಲ್ಲಿ, ಅಲ್ಲಿಯವರು ಈಸ್ಟ್ ಲೇನ್ ಎಂದು ಕರೆಯುವ ಸಂತೆಬೀದಿಯಲ್ಲಿ ಹುಟ್ಟಿದೆ ಎಂದು ಅವನು ಬರೆದುಕೊಂಡಿದ್ದಾನೆ. ಅದಕ್ಕೆ ಜನನ ಪತ್ರದ ಆಧಾರ ಇವತ್ತಿಗೂ ಇಲ್ಲ.

(2009ರಲ್ಲಿ ಬೈಂದೂರಿನ ಹತ್ತಿರ ಸಿನಿಮಾ ಒಂದರ ಚಿತ್ರೀಕರಣಕ್ಕೆಂದು ಚಾಪ್ಲಿನ್ನನ ಭಾರೀ ಪ್ರತಿಮೆ ನಿಲ್ಲಿಸಲು ಹೊರಟವರನ್ನು, ಅವನು ಕ್ರೈಸ್ತನೆಂದು ಹೇಳಿ ತಡೆದದ್ದು ಕೆಲವರಿಗೆ ನೆನಪಿರಬಹುದು. ಎಂಐ5ಗೆ ಸಿಗದ ಮೂಲವನ್ನು ನಮ್ಮಲ್ಲಿ ಕೆಲವರು ಕೂತಲ್ಲೇ ಪತ್ತೆಮಾಡಿದ್ದರು.)

ಆ ಬೇಹುಗಾರಿಕೆಯ ಕಡತ 2012ರಲ್ಲಿ ಬಹಿರಂಗವಾಯಿತು. ಸುದ್ದಿ ಓದಿದಾಗ ನನಗನ್ನಿಸಿದ್ದು, ಇವರು ತಪ್ಪು ಬೀರು ತೆರೆದರು ಎಂದು. ಇಂಗ್ಲೆಂಡಿನಲ್ಲಿ ಬಡವರ ಮನೆಯ ಮಗನನ್ನು ಹುಡುಕುವವರು ಅವನು ಹುಟ್ಟಿದ ದಿನದಿಂದ ಶುರುಮಾಡಬಾರದು. ಅವನ ಊಟಕ್ಕೆ ಯಾರು ದುಡ್ಡು ಕೊಡಬೇಕು ಎಂದು ಜಗಳ ಬಿದ್ದ ದಿನದಿಂದ ಶುರುಮಾಡಬೇಕು.

ಚಾಪ್ಲಿನ್ ವಿಷಯದಲ್ಲಿ ಆ ದಿನ ಬಂದದ್ದು 1896ರಲ್ಲಿ. ತಾಯಿ ಹ್ಯಾನಾ ಒಂದು ಕಾಲದಲ್ಲಿ ರಂಗದ ಮೇಲೆ ಹಾಡುತ್ತಿದ್ದವಳು, ಮೋಚಿಯ ಮಗಳು. ದನಿ ಹೋದಮೇಲೆ ಹೊಲಿಗೆ ಹೊಲಿದು ಎರಡು ಮಕ್ಕಳನ್ನು ಸಾಕುತ್ತಿದ್ದಳು. ತಂದೆಯೂ ಹಾಡುಗಾರ, ಬೇರೆ ಇದ್ದ, ಕುಡಿಯುತ್ತಿದ್ದ. ಹ್ಯಾನಾ ಕಾಯಿಲೆ ಬಿದ್ದಾಗ ಹುಡುಗರಿಬ್ಬರೂ ವರ್ಕ್‌ಹೌಸ್ ಸೇರಿದರು. ಅಂದರೆ ಗತಿಯಿಲ್ಲದವರಿಗೆ ಸರ್ಕಾರ ಕೂಳು ಕೊಟ್ಟು, ಕೆಲಸ ಮಾಡಿಸಿ, ಸಾಕಷ್ಟು ಅವಮಾನವನ್ನೂ ಬಡಿಸುತ್ತಿದ್ದ ಮನೆ. ಅಲ್ಲಿಂದ ಹ್ಯಾನ್‌ವೆಲ್ಲಿನ ಅನಾಥ ಮಕ್ಕಳ ಶಾಲೆಗೆ. ಆ ಕ್ಷಣದಿಂದ ಗುಮಾಸ್ತರ ಲೇಖನಿ ಚುರುಕಾಯಿತು. ಹುಡುಗರ ವಯಸ್ಸೇನು, ಎಂದು ಬಂದರು, ಎಂದು ಹೋದರು, ತಾಯಿಯ ಸ್ಥಿತಿಯೇನು, ತಂದೆ ಎಲ್ಲಿ ಅಡಗಿದ್ದಾನೆ, ವಾರಕ್ಕೆ ಅವನಿಂದ ಎಷ್ಟು ವಸೂಲು ಮಾಡಬೇಕು, ಕೊಡದಿದ್ದರೆ ವಾರಂಟು ಯಾರ ಹೆಸರಿಗೆ — ಹುಟ್ಟಿದಾಗ ಒಂದು ಸಾಲನ್ನೂ ಬರೆಯದ ಸರ್ಕಾರ ಈಗ ಪುಟ ತುಂಬಿಸಿತು.

ಎತ್ತಿನ ಮೇಲೆ ಕೂತು ಬಂದು ಏಳು ತಲೆಮಾರಿನ ಹೆಸರು ಹೇಳುವ ಹೆಳವರು ಇಂಗ್ಲೆಂಡಿನ ಕೂಲಿಯವನಿಗೆ ಇರಲಿಲ್ಲ. ಅವನ ವಂಶಾವಳಿ ಎಂಬುದೇನಾದರೂ ಇದ್ದರೆ ಅದು ಯಾರದೋ ಲೆಕ್ಕಪುಸ್ತಕದ ಅಂಚಿನಲ್ಲಿ. ಆ ಲೆಕ್ಕಪುಸ್ತಕ ಶುರುವಾದ ಕತೆಗೆ ಸುಮಾರು ಐನೂರು ವರ್ಷ ಹಿಂದೆ ಹೋಗಬೇಕು.

1538ರ ಸೆಪ್ಟೆಂಬರಿನಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಹುಕುಂ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ, ಎಂದರೆ ಪ್ರತಿ ಇಗರ್ಜಿಯ ಸರಹದ್ದಿನಲ್ಲೂ, ಒಂದು ಪುಸ್ತಕ ಇರಬೇಕು. ವಾರವಾರವೂ ಆದ ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ಪಾದ್ರಿ ಅದರಲ್ಲಿ ಬರೆಯಬೇಕು. ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿಕೈ ಪಾದ್ರಿಯ ಬಳಿ, ಇನ್ನೊಂದು ಇಗರ್ಜಿಯ ಮೊಕ್ತೇಸರರ ಬಳಿ. ಬರೆಯದಿದ್ದರೆ 3 ಶಿಲ್ಲಿಂಗ್ 4 ಪೆನ್ಸ್ ದಂಡ. ಜನರಿಗೆ ಇದರ ವಾಸನೆ ತಕ್ಷಣ ಬಡಿಯಿತು. ದೊರೆಗೇಕೆ ನಮ್ಮ ಕೂಸಿನ ಹೆಸರು? ಇಂದು ಬರೆಯುತ್ತಾರೆ, ನಾಳೆ ತಲೆಗಿಷ್ಟು ತೆರಿಗೆ ಎನ್ನುತ್ತಾರೆ. ಕಾರ್ನ್‌ವಾಲ್, ಡೆವನ್ ಕಡೆಯಿಂದ ಜನ ಹೆದರಿದ್ದಾರೆಂದು ಕ್ರಾಮ್‌ವೆಲ್‌ಗೆ ಪತ್ರವೇ ಹೋಯಿತು. 1540ರಲ್ಲಿ ದೊರೆ ಕ್ರಾಮ್‌ವೆಲ್‌ನ ತಲೆ ತೆಗೆಸಿದ. ಪುಸ್ತಕ ಮಾತ್ರ ಉಳಿಯಿತು.

ಉಳಿಯಿತು ಎಂದೆ, ಆದರೆ ಹೇಗೆ ಉಳಿಯಿತು ಎಂಬುದನ್ನು ನೆನೆದರೆ ಸಿಟ್ಟು ಬರುತ್ತದೆ. 1598ರಲ್ಲಿ, ಹಳೆಯ ಕಾಗದದ ಪುಸ್ತಕಗಳು ಹಾಳಾಗುತ್ತಿವೆ, ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿ ಎಂದು ಆಜ್ಞೆಯಾಯಿತು. ಒಳ್ಳೆಯ ಆಜ್ಞೆಯೇ. ಆದರೆ ಬರೆದವರು ಅದಕ್ಕೊಂದು ಬಾಲ ಅಂಟಿಸಿದರು: ವಿಶೇಷವಾಗಿ ಮಹಾರಾಣಿಯವರು ಪಟ್ಟಕ್ಕೆ ಬಂದ ವರ್ಷದಿಂದ ಈಚೆಗಿನದನ್ನು. ಸೋಮಾರಿ ಗುಮಾಸ್ತನಿಗೆ ಇದಕ್ಕಿಂತ ಇನ್ನೇನು ಬೇಕು? ಎಲಿಜಬೆತ್ ಪಟ್ಟವೇರಿದ್ದು 1558ರಲ್ಲಿ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳನ್ನು ಎಷ್ಟೋ ಊರುಗಳಲ್ಲಿ ಯಾರೂ ನಕಲು ಮಾಡಲಿಲ್ಲ. ಅಲ್ಲಿನ ದಫ್ತರಗಳು ಇವತ್ತಿಗೂ 1558ರಿಂದಲೇ ಶುರುವಾಗುತ್ತವೆ.

ಜನರ ಭಯ ನಿಜವಾಗಲು ನೂರೈವತ್ತು ವರ್ಷ ಹಿಡಿಯಿತು, ಅಷ್ಟೆ. ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಹಣ ಬೇಕಾಗಿ 1694ರಲ್ಲಿ ಪಾರ್ಲಿಮೆಂಟು ಹುಟ್ಟಿಗೆ 2 ಶಿಲ್ಲಿಂಗ್, ಮದುವೆಗೆ ಎರಡೂವರೆ, ಸಾವಿಗೆ 4 ಶಿಲ್ಲಿಂಗ್ ತೆರಿಗೆ ಹಾಕಿತು. ಇಪ್ಪತ್ತೈದು ದಾಟಿಯೂ ಮದುವೆಯಾಗದ ಗಂಡಸರು ವರ್ಷಕ್ಕೊಂದು ಶಿಲ್ಲಿಂಗ್ ಕಕ್ಕಬೇಕಿತ್ತು. ಆ ಕಾನೂನು 1706ಕ್ಕೆ ಮುಗಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ತಮ್ಮ, 1783ರ ಮೂರು ಪೆನ್ನಿಯ ತೆರಿಗೆ.

ಈ ಸಲ ಸೋತ ಯುದ್ಧದ ಸಾಲ, ಅಮೆರಿಕ ಕೈಬಿಟ್ಟುಹೋಗಿತ್ತು. ಅಕ್ಟೋಬರ್ 1ರಿಂದ ದಫ್ತರದಲ್ಲಿ ಬರೆಸುವ ಪ್ರತಿ ಹೆಸರಿಗೆ ಮೂರು ಪೆನ್ಸ್. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್. ಹೊಲದ ಕೂಲಿಯವನಿಗೆ ವಾರಪೂರ್ತಿ ದುಡಿದರೆ ಏಳೆಂಟು ಶಿಲ್ಲಿಂಗ್ ಸಿಗುತ್ತಿದ್ದ ಕಾಲ. ವಸೂಲಿ ಮಾಡುವ ಪಾದ್ರಿಗೆ ಪೌಂಡಿಗೆ ಎರಡು ಶಿಲ್ಲಿಂಗಿನಂತೆ ಕಮಿಷನ್. ಕಡುಬಡವರಿಗೆ ಮಾತ್ರ ವಿನಾಯಿತಿ. ಆ ವರ್ಷದ ದಫ್ತರಗಳನ್ನು ತೆರೆದರೆ ಸೆಪ್ಟೆಂಬರ್ ತಿಂಗಳಲ್ಲಿ ಜಾತ್ರೆಯೇ ನೆರೆದಿರುತ್ತದೆ. ಎಳೆಗೂಸುಗಳು, ನಡೆದಾಡುವ ಮಕ್ಕಳು, ಐದಾರು ವರ್ಷದವರು, ಅಣ್ಣ ತಂಗಿಯರು ಸಾಲಾಗಿ, ತೆರಿಗೆ ಜಾರಿಯಾಗುವುದರೊಳಗೆ ನೀರು ಹಾಕಿಸಿಕೊಂಡು ಹೋಗಿದ್ದಾರೆ. ಅಕ್ಟೋಬರಿನಲ್ಲಿ ಪುಟ ಬಿಕೋ ಎನ್ನುತ್ತದೆ. ಆಮೇಲೆ ಹೆಸರುಗಳ ಪಕ್ಕದಲ್ಲಿ ‘ಪಿ’ ಎಂಬ ಅಕ್ಷರ ಕಾಣಿಸಿಕೊಳ್ಳುತ್ತದೆ. ‘ಪಿ’ ಎಂದರೆ ಪಾಪರ್, ನಿರ್ಗತಿಕ.

ಆ ಅಕ್ಷರವನ್ನು ನಂಬಬೇಡಿ. ನಿಜವಾಗಿ ಹಸಿದವರೂ ಅಲ್ಲಿದ್ದಾರೆ; ಪಾದ್ರಿ ಮನಸ್ಸು ಕರಗಿ, ಇಲ್ಲವೇ ಲಂಡನ್ನಿನ ಮೇಲಿನ ಸಿಟ್ಟಿಗೆ, ಕಣ್ಣುಮುಚ್ಚಿ ‘ಪಿ’ ಹಾಕಿದ ನೇಕಾರರು, ಬಡಗಿಗಳೂ ಇದ್ದಾರೆ. ಇನ್ನೂರು ವರ್ಷದ ಮೇಲೆ ಮೊಮ್ಮಗಳ ಮೊಮ್ಮಗಳು ಆ ಪುಟ ನೋಡಿ, ಅಯ್ಯೋ ನಮ್ಮ ಅಜ್ಜ ಭಿಕ್ಷೆ ಬೇಡುತ್ತಿದ್ದನೇ ಎಂದು ಕಣ್ಣೀರು ಹಾಕುತ್ತಾಳೆ. ಅಜ್ಜ ಮೂರು ಪೆನ್ಸ್ ಉಳಿಸಿ ಸಂಜೆ ಬಿಯರು ಕುಡಿದಿದ್ದನೋ ಏನೋ. 1794ರಲ್ಲಿ ತೆರಿಗೆ ಹೋಯಿತು. ಹೋದದ್ದೇ ತಡ, ಹತ್ತು ವರ್ಷ ಕಾದಿದ್ದ ಮನೆಗಳು ಮೂರು ನಾಲ್ಕು ಮಕ್ಕಳನ್ನು ಒಟ್ಟಿಗೆ ಹೊರಡಿಸಿಕೊಂಡು ಇಗರ್ಜಿಗೆ ಬಂದವು. ಈ ಸೂಕ್ಷ್ಮ ಗೊತ್ತಿಲ್ಲದೆ ಹುಡುಕಿದವರಿಗೆ ಒಂದೇ ದಿನ ಹುಟ್ಟಿದ ನಾಲ್ವರು ಸಿಗುತ್ತಾರೆ.

ತೆರಿಗೆ ಕಿತ್ತುಕೊಳ್ಳುವವರ ಬರಹ ಇದಾದರೆ, ಕೊಡುವುದನ್ನು ತಪ್ಪಿಸಿಕೊಳ್ಳುವವರ ಬರಹ ಇನ್ನೂ ಸೊಗಸು. 1662ರ ಕಾನೂನಿನ ಪ್ರಕಾರ ಪ್ರತಿಯೊಬ್ಬನಿಗೂ ಅವನದೇ ಒಂದು ಪ್ಯಾರಿಷ್. ಕೈಲಾಗದ ಕಾಲಕ್ಕೆ ಅನ್ನ ಹಾಕಬೇಕಾದದ್ದು ಅದು. ಬೇರೆ ಊರಿಗೆ ಬಂದು ಬಡತನಕ್ಕೆ ಬಿದ್ದವನನ್ನು ಇಬ್ಬರು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಅಪ್ಪ ಯಾರು, ಯಾರ ಬಳಿ ಕಸುಬು ಕಲಿತೆ, ಯಾರ ಜೀತಕ್ಕೆ ಎಷ್ಟು ದಿನ ಇದ್ದೆ, ಸಂಬಳವೆಷ್ಟು, ಮದುವೆ ಎಲ್ಲಾಯಿತು? ಉತ್ತರಗಳನ್ನೆಲ್ಲ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಓದುಬರಹ ಬಾರದ ಒಬ್ಬ ಕೂಲಿಯ ಇಡೀ ಆತ್ಮಕತೆ ಒಂದೂವರೆ ಪುಟದಲ್ಲಿ, ಕೊನೆಯಲ್ಲಿ ಅವನದೇ ಕೈಯಿಂದ ಎಳೆದ ಒಂದು ಅಡ್ಡಗೀಟು, ಒಂದು ಉದ್ದಗೀಟು. ಅವನ ಬಾಳಿನ ಮೇಲೆ ಅವರಿಗೇನೂ ಕುತೂಹಲವಿರಲಿಲ್ಲ. ಯಾವ ಊರಿಗೆ ಇವನನ್ನು ದಬ್ಬಬಹುದು ಎಂಬುದಷ್ಟೇ ಬೇಕಿತ್ತು.

ವರ್ಷಪೂರ್ತಿ ಒಬ್ಬನ ಮನೆಯಲ್ಲಿ ಆಳಾಗಿದ್ದರೆ ಆ ಊರಿನ ಹಕ್ಕು ಸಿಗುತ್ತಿತ್ತು. ಹಾಗಾಗಿ ರೈತರು ಐವತ್ತೊಂದು ವಾರಕ್ಕೆ ಮಾತ್ರ ಆಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಮದುವೆಯಿಲ್ಲದೆ ಹುಟ್ಟಿದ ಮಗು ಹುಟ್ಟಿದ ಊರಿನ ಪಾಲು. ಹಾಗಾಗಿ ತುಂಬು ಬಸುರಿಯನ್ನು ಗಾಡಿಗೆ ಹೇರಿ ಗಡಿ ದಾಟಿಸುತ್ತಿದ್ದರು. ಗಾಡಿ ಬಾಡಿಗೆ ಇಷ್ಟು, ಜೊತೆಗೆ ಹೋದವನ ಊಟಕ್ಕೆ ಇಷ್ಟು ಎಂದು ಪ್ಯಾರಿಷ್ ಲೆಕ್ಕದಲ್ಲಿ ಬರೆದಿಟ್ಟರು. ಇವತ್ತು ಆ ಹೆಣ್ಣಿನ ವಂಶದವರಿಗೆ ಆಕೆ ಸಿಗುವುದು ಆ ಗಾಡಿ ಬಾಡಿಗೆಯ ಸಾಲಿನಲ್ಲಿ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕತೆ. 1754ರಿಂದ ಮದುವೆಯ ದಫ್ತರಕ್ಕೆ ವಧೂವರರ ಸಹಿ, ಸಹಿ ಬಾರದವರ ಗೀಟು. 1837ರ ಜುಲೈಯಿಂದ ಸರ್ಕಾರಿ ಜನನ ಮರಣ ನೋಂದಣಿ. 1841ರ ಜನಗಣತಿಯಿಂದ ಮನೆಮನೆಯ ಹೆಸರು, ಅದೂ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ: ಮೂವತ್ನಾಲ್ಕು ಎಂದರೆ ಮೂವತ್ತು. ಮನೆಯಲ್ಲಿ ದಿನವಿಡೀ ಬಟ್ಟೆ ಒಗೆದು, ಹೊಲಿದು ಸಂಸಾರ ತೂಗಿದ ಹೆಂಗಸಿನ ಕಸುಬಿನ ಕಾಲಮ್ಮು ಎಷ್ಟೋ ಕಡೆ ಖಾಲಿ.

ಹೀಗೆ ಕೂಡಿಟ್ಟದ್ದನ್ನೂ ಕಾಪಾಡಲಾಗಲಿಲ್ಲ. ಮೊದಲ ಮಹಾಯುದ್ಧದ ಸಿಪಾಯಿಗಳ ಸೇವಾ ಕಡತಗಳನ್ನು ಇಟ್ಟಿದ್ದ ಉಗ್ರಾಣಕ್ಕೆ 1940ರ ಸೆಪ್ಟೆಂಬರಿನ ವಾಯುದಾಳಿಯಲ್ಲಿ ಬೆಂಕಿಬಿತ್ತು. ಸುಮಾರು ಶೇ 60ರಷ್ಟು ಬೂದಿಯಾಯಿತು. ಉಳಿದವು ಅಂಚು ಕರಿಕಾಗಿ, ನೀರು ಕುಡಿದು ಉಬ್ಬಿಕೊಂಡು, ಈಗಲೂ ‘ಸುಟ್ಟ ಕಡತಗಳು’ ಎಂದೇ ಹೆಸರಾಗಿವೆ. ಆ ಉಗ್ರಾಣ ಇದ್ದದ್ದು ವಾಲ್ವರ್ತ್‌ನಲ್ಲಿ, ಚಾಪ್ಲಿನ್ ಹುಟ್ಟಿದೆನೆಂದು ಹೇಳಿದ ಅದೇ ಪೇಟೆಯಲ್ಲಿ. 1931ರ ಜನಗಣತಿಯ ಹಾಳೆಗಳು 1942ರ ಡಿಸೆಂಬರಿನಲ್ಲಿ ಹೇಯ್ಸ್ ಎಂಬಲ್ಲಿ ಸುಟ್ಟುಹೋದವು. ಅದಕ್ಕೆ ಬಾಂಬೂ ಕಾರಣವಲ್ಲ. 1941ರಲ್ಲಿ ಯುದ್ಧವೆಂದು ಎಣಿಕೆಯನ್ನೇ ಮಾಡಲಿಲ್ಲ. ಹಾಗಾಗಿ 1921 ಮುಗಿದರೆ ಮುಂದಿನದು 1951. ನೂರು ವರ್ಷದ ಗುಟ್ಟು ಮುಗಿದು 2022ರಲ್ಲಿ 1921ರ ಹಾಳೆಗಳು ಅಂತರ್ಜಾಲಕ್ಕೆ ಬಂದಾಗ ಮನೆಯಲ್ಲಿ ಕೂತು ನೋಡಬೇಕಾದರೆ ಒಂದು ಮನೆಯ ಹಾಳೆಯ ಚಿತ್ರಕ್ಕೆ ಮೂರೂವರೆ ಪೌಂಡ್ ಕೇಳಿದರು. ಮೂರು ಪೆನ್ನಿಗೆ ಗೊಣಗಿದವರ ಮರಿಮಕ್ಕಳು ತೆಪ್ಪಗೆ ಕೊಟ್ಟರು.

1911ರದು ಮಾತ್ರ ಬೇರೆ ಥರ. ಮನೆ ಯಜಮಾನ ತಾನೇ ತುಂಬಿದ ಅರ್ಜಿಗಳನ್ನು ಆ ಸಲ ಎಸೆಯದೆ ಉಳಿಸಿಕೊಂಡರು. ಗಣಿಯವನ, ಗಾಡಿ ಹೊಡೆಯುವವನ, ಇಟ್ಟಿಗೆ ಹೊರುವವನ ಸ್ವಂತ ಕೈಬರಹ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಸತ್ತವರೆಷ್ಟು ಎಂಬ ಪ್ರಶ್ನೆ ಅದರಲ್ಲಿತ್ತು. ಕೇಳಿದ್ದು ಅಂಕಿ. ಕೆಲವು ಅಪ್ಪಂದಿರು ಸತ್ತ ಮಕ್ಕಳ ಹೆಸರುಗಳನ್ನೂ ಒಂದೊಂದಾಗಿ ಬರೆದುಬಿಟ್ಟರು. ಆ ರಾತ್ರಿ ಮನೆಯಲ್ಲಿರದವರ ಹೆಸರು ಬರೆಯುವಂತಿಲ್ಲವಲ್ಲ. ಗಣತಿದಾರ ಅವುಗಳ ಮೇಲೆ ಗೆರೆ ಎಳೆದ. ಗೆರೆಯ ಕೆಳಗೆ ಹೆಸರು ಇನ್ನೂ ಓದಲು ಬರುತ್ತದೆ.

ಚಾಪ್ಲಿನ್ ಮನೆಯವರಿಗೆ ವರ್ಕ್‌ಹೌಸಿನ ಋಣ 1896ಕ್ಕೆ ಹರಿದಿರಲಿಲ್ಲ. 1898ರ ಜುಲೈಯಲ್ಲಿ ಮತ್ತೆ ಲ್ಯಾಂಬೆತ್ ವರ್ಕ್‌ಹೌಸ್. ತಾಯಿ ಅಲ್ಲಿ, ಹುಡುಗರು ನಾರ್‌ವುಡ್ಡಿನ ಶಾಲೆಯಲ್ಲಿ. ಆ ವರ್ಕ್‌ಹೌಸಿನ ಒಂದು ಕಟ್ಟಡ ಇವತ್ತಿಗೂ ಕೆನಿಂಗ್‌ಟನ್‌ನಲ್ಲಿ ನಿಂತಿದೆ, ಅದರೊಳಗೆ ಈಗ ಇರುವುದು ಸಿನಿಮಾ ಸಂಗ್ರಹಾಲಯ. ವರ್ಕ್‌ಹೌಸಿನ ಹಳೆಯ ದಫ್ತರದಲ್ಲಿ 1898ರ ಆಗಸ್ಟ್ 12ರಂದು ಒಂದು ತಮಾಷೆಯ ಸಂಗತಿ ನಮೂದಾಗಿದೆ. ಹ್ಯಾನಾ ಚಾಪ್ಲಿನ್ ಮತ್ತು ಇಬ್ಬರು ಹುಡುಗರು: ಬಿಡುಗಡೆ. ಅದೇ ದಿನ, ಅದೇ ಮೂವರು: ಮರುಸೇರ್ಪಡೆ. ಕಾರಣ ಬರೆದಿಲ್ಲ.

ಕಾರಣ ತಿಳಿದದ್ದು 1964ರಲ್ಲಿ, ಚಾಪ್ಲಿನ್ನನ ಆತ್ಮಕತೆ ಹೊರಬಂದಾಗ. ಮಕ್ಕಳನ್ನು ನೋಡಬೇಕೆನ್ನಿಸಿ ಹ್ಯಾನಾ ತಾನು ವರ್ಕ್‌ಹೌಸ್ ಬಿಡುತ್ತೇನೆಂದು ನೋಟೀಸು ಕೊಟ್ಟಳಂತೆ. ತಾಯಿ ಹೊರಟರೆ ಮಕ್ಕಳನ್ನೂ ಬಿಡಲೇಬೇಕಿತ್ತು. ಮೂವರಿಗೂ ಅವರವರ ಹಳೆಯ ಬಟ್ಟೆ ಮರಳಿ ಬಂತು, ಮುದುಡಿಕೊಂಡು, ಇಸ್ತ್ರಿ ಇಲ್ಲದೆ. ಅಣ್ಣ ಸಿಡ್ನಿಯ ಕರವಸ್ತ್ರದ ಗಂಟಿನಲ್ಲಿ ಒಂಬತ್ತು ಪೆನ್ಸ್ ಇತ್ತು. ಅರ್ಧ ಪೌಂಡ್ ಕಪ್ಪು ಚೆರ್ರಿ ಹಣ್ಣು ಕೊಂಡು ಕೆನಿಂಗ್‌ಟನ್ ಪಾರ್ಕಿನ ಬೆಂಚಿನ ಮೇಲೆ ಕೂತು ತಿಂದರು. ಸಿಡ್ನಿ ಹಳೆ ಪತ್ರಿಕೆ ಮುದ್ದೆ ಮಾಡಿ ದಾರ ಸುತ್ತಿದ. ಮೂವರೂ ಚೆಂಡಾಟ ಆಡಿದರು. ಮಧ್ಯಾಹ್ನ ಕಾಫಿ ಅಂಗಡಿಯಲ್ಲಿ ಉಳಿದ ಚಿಲ್ಲರೆಗೆ ಒಂದು ಕೇಕು, ಒಂದು ಹೊಗೆ ಹಾಕಿದ ಮೀನು, ಎರಡು ಕಪ್ ಟೀ, ಮೂವರಿಗೂ ಪಾಲು. ಆಮೇಲೆ ಮತ್ತೆ ಪಾರ್ಕು. ಹುಡುಗರು ಆಡುತ್ತಿದ್ದರೆ ಹ್ಯಾನಾ ಕ್ರೋಶಾ ಹಾಕುತ್ತ ಕೂತಳು. ಸಂಜೆಯ ಟೀ ಹೊತ್ತಿಗೆ ಸರಿಯಾಗಿ ವರ್ಕ್‌ಹೌಸಿನ ಬಾಗಿಲಿಗೆ ಬಂದು ನಿಂತರು. ಅಧಿಕಾರಿಗಳು ಕೆಂಡವಾದರು, ಏಕೆಂದರೆ ಮೂವರ ಬಟ್ಟೆಯನ್ನೂ ಮತ್ತೆ ಹಬೆಯಲ್ಲಿಟ್ಟು ಶುದ್ಧಮಾಡಬೇಕಿತ್ತು.